ದಯವಿಟ್ಟು ಮತ್ತೆ ಲಾಗಿನ್ ಆಗಿ

ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ನಮ್ಮೂರ ಗ್ರಂಥಾಲಯದ ಮೂಲೆಯ ಮೇಜಿನ ಹಿಂದೆ ಕೂತಿರುತ್ತೇನೆ. ಮೇಜಿನ ಮೇಲೆ ‘ಕಂಪ್ಯೂಟರ್ ಸಹಾಯ, ಬೆರೆಂಡ್’ ಎಂಬ ಹಲಗೆ. ಸಂಬಳವಿಲ್ಲ, ಕಾಫಿ ಉಂಟು. ನಲವತ್ತು ವರ್ಷ ಟಿವಿ ರಿಪೇರಿ ಮಾಡಿ ನಿವೃತ್ತನಾದವನು, ಮನೆಯಲ್ಲಿ ಕೂತರೆ ಹೆಂಡತಿಗೆ ಅಡ್ಡವಾಗುತ್ತೇನೆ ಎಂದು ಒಪ್ಪಿಕೊಂಡೆ. ಟಿವಿಯಲ್ಲಾದರೆ ಏನಾದರೊಂದು ಸುಟ್ಟಿರುತ್ತಿತ್ತು, ಅದನ್ನು ಕಿತ್ತು ಬೇರೆ ಹಾಕಿದರೆ ಮುಗಿಯಿತು. ಈಗ ಬರುವವರದ್ದು ಏನೂ ಸುಟ್ಟಿರುವುದಿಲ್ಲ. ಎಲ್ಲರದ್ದೂ ಒಂದೇ ಗೋಳು: ಒಳಗೆ ಬಿಡುತ್ತಿಲ್ಲ. ಬ್ಯಾಂಕು ಒಳಗೆ ಬಿಡುತ್ತಿಲ್ಲ, ಪಿಂಚಣಿ ಕಚೇರಿ ಒಳಗೆ ಬಿಡುತ್ತಿಲ್ಲ, ಮೊಮ್ಮಗಳ ಫೋಟೊ ಇಟ್ಟ ಜಾಗ ಒಳಗೆ ಬಿಡುತ್ತಿಲ್ಲ. ನಮ್ಮ ಕಡೆ ಮುಂಬಾಗಿಲು ಇರುವುದು ಮದುವೆಗೆ ಮತ್ತು ಹೆಣಕ್ಕೆ. ಉಳಿದ ದಿನ ಹಿತ್ತಲಿಂದ ಹೋಗಿ ಅಡುಗೆಮನೆಯಲ್ಲಿ ಕೂತು ‘ನಾನು ಬಂದೆ’ ಅನ್ನುವುದು. ಅಂಥ ಜನ ಈಗ ದಿನಕ್ಕೆ ಹತ್ತು ಸಲ ತಾವು ಯಾರೆಂದು ಯಂತ್ರದ ಮುಂದೆ ಸಾಬೀತು ಮಾಡಬೇಕು. ಅವರಿಗೆ ಎಷ್ಟು ಬೇಸರವಾಗಿದೆಯೋ, ಕೇಳಿ ಕೇಳಿ ನನಗೂ ಅಷ್ಟೇ ಆಗಿದೆ.

ಹಿಲ್ಲಿ ಬಂದದ್ದು ಮೇ ತಿಂಗಳ ಮೊದಲ ಮಂಗಳವಾರ. ಊರಾಚೆ ಕಾಲುವೆಯ ಕೊನೆಯಲ್ಲಿ ಅವರದು ಹೈನು ಮಾಡುವ ಮನೆ. ಗಂಡ ತೀರಿಹೋದ ಮೇಲೆ ಮದುವೆಯಾಗದ ಅಣ್ಣ ಲುಬ್ಬರ್ಟ್ ಜೊತೆ ಹುಟ್ಟಿದ ಮನೆಯಲ್ಲೇ ಇದ್ದಾರೆ. ವಯಸ್ಸು ಎಪ್ಪತ್ತೊಂದು. ಎರಡು ವರ್ಷದ ಹಿಂದೆ ಅವರಿಗೆ ಒಂದು ಹುಚ್ಚು ಹಿಡಿಯಿತು: ಕ್ಯಾಮೆರಾ ಕೊಂಡು ಕರು, ಕೊಕ್ಕರೆ, ಚರ್ಚಿನ ಹೆಂಗಸರ ಸಂಘ, ಕಂಡದ್ದನ್ನೆಲ್ಲ ಹಿಡಿಯುವುದು, ಆಮೇಲೆ ಅಡುಗೆಮನೆಯ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು. ಯಾರೂ ಕಲಿಸಲಿಲ್ಲ, ತಾವೇ ಕಲಿತರು. ನಾನು ನೋಡಿದ್ದೇನೆ, ಚೆನ್ನಾಗಿಯೇ ಮಾಡುತ್ತಾರೆ.

ಆ ದಿನ ಅವರು ಕರುಗಳ ಲೆಕ್ಕ ಬರೆಯುವ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಕೊನೆಯ ಪುಟ ತೆರೆದರು. ಒಂದರ ಕೆಳಗೊಂದು ಏಳು ಪಾಸ್‌ವರ್ಡು. ಎಲ್ಲ ಹಸುಗಳ ಹೆಸರೇ, ಮುಂದೆ ಕಿವಿಗೆ ಹಾಕಿದ ಬಿಲ್ಲೆಯ ನಂಬರು. ಆರನ್ನು ಹೊಡೆದುಹಾಕಿದ್ದರು.

ವಿಡಿಯೊ ಜೋಡಿಸುವ ಆ ತಂತ್ರಾಂಶ ತೆರೆದರೆ ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಮರ್ಯಾದೆಯಿಂದ ಒಳಗೂ ಬಿಡುತ್ತದೆ. ಎರಡು ನಿಮಿಷಕ್ಕೆ ಪರದೆ ಬೂದಿ ಬಣ್ಣಕ್ಕೆ ತಿರುಗಿ ಒಂದು ಸಾಲು ಬರುತ್ತದೆ: ನಿಮ್ಮ ಅವಧಿ ಮುಗಿದಿದೆ, ದಯವಿಟ್ಟು ಮತ್ತೆ ಲಾಗಿನ್ ಆಗಿ. ಮತ್ತೆ ಆದರೆ ಮತ್ತೆ ಎರಡು ನಿಮಿಷ. ಅಷ್ಟರಲ್ಲಿ ಒಂದು ತುಂಡು ಕತ್ತರಿಸಲೂ ಆಗುವುದಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಸಣ್ಣ ಚಿತ್ರ ಮಾಡಿದ್ದರಂತೆ, ಆಗ ಯಾವ ತಂಟೆಯೂ ಇರಲಿಲ್ಲವಂತೆ. ಈ ಕಾಟ ಶುರುವಾದದ್ದು ಮಾರ್ಚ್ ಕೊನೆಗೆ. ಈ ಮಾತನ್ನು ಅವರು ಮೊದಲ ದಿನವೇ ಹೇಳಿದ್ದರು. ನಾನು ತಲೆಯಾಡಿಸಿ ಬಿಟ್ಟುಬಿಟ್ಟೆ.

ಅವಸರ ಯಾಕೆಂದೂ ಹೇಳಿದರು. ಲುಬ್ಬರ್ಟ್‌ಗೂ ಹಿಲ್ಲಿಗೂ ನಡುವೆ ಹುಟ್ಟಿದ ಅಕ್ಕ ಫೆನ್ನಾ ಇಪ್ಪತ್ತೆರಡರ ವಯಸ್ಸಿಗೆ ಕೆನಡಾಕ್ಕೆ ಹೋದವರು, ಆಮೇಲೆ ಈ ಕಡೆ ಬಂದದ್ದು ಎರಡೇ ಸಲ. ಈಗ ಅಲ್ಲಿ ಹಾಸಿಗೆ ಹಿಡಿದಿದ್ದಾರೆ, ಔಷಧಿ ನಿಲ್ಲಿಸಿದ್ದಾರೆ, ಉಳಿದಿರುವುದು ಕೆಲವು ವಾರ. ‘ಒಂದ್ಸಲ ಮನೆ ತೋರಿಸು’ ಎಂದು ಫೋನಿನಲ್ಲಿ ಕೇಳಿದರಂತೆ.

“ಎಲ್ಲಾ ಹಿಡಿದಿಟ್ಟಿದ್ದೀನಿ ಬೆರೆಂಡ್,” ಎಂದರು ಹಿಲ್ಲಿ. “ಕೊಟ್ಟಿಗೆ, ಕಾಲುವೆ, ಚಳಿಗಾಲ ಮುಗಿದು ಹಸು ಹೊರಗೆ ಬಿಟ್ಟ ದಿನ ಅವು ಕುಣಿದದ್ದು. ಜೋಡಿಸೋಕೆ ಬಿಡ್ತಾ ಇಲ್ಲ ಈ ದರಿದ್ರದ್ದು.”

ಹಿಲ್ಲಿಯ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಅದೇ ಮಧ್ಯಾಹ್ನ ಬರುತ್ತೇನೆ ಎಂದೆ. “ಎರಡಕ್ಕೆ ಬಾ, ನಮ್ಮ ಎರಡಕ್ಕೆ,” ಎಂದರು. ಅಂದರೆ ಮೂರಕ್ಕೆ.

ಅದೊಂದು ಹೇಳಬೇಕು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ಕಾನೂನು ಬಂದಾಗ ನಾನು ಹರೆಯದವನು. ನಮ್ಮೂರ ಅರ್ಧ ಜನ ತಿರುಗಿಸಲಿಲ್ಲ. ದೇವರು ಕೊಟ್ಟ ಹೊತ್ತನ್ನು ಸರ್ಕಾರ ಯಾಕೆ ಮುಟ್ಟಬೇಕು, ಹಸುವಿನ ಕೆಚ್ಚಲಿಗೆ ಕಾನೂನು ಓದಿ ಹೇಳುವವರು ಯಾರು ಎಂದರು. ಒಬ್ಬೊಬ್ಬರಾಗಿ ಸೋತು ತಿರುಗಿಸಿದರು. ಲುಬ್ಬರ್ಟ್ ಮಾತ್ರ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಚರ್ಚಿಗೆ, ಅಂಗಡಿಗೆ, ಡಾಕ್ಟರ ಹತ್ತಿರಕ್ಕೆ ಹೋಗುವಾಗ ಒಂದು ಕೂಡಿಸಿಕೊಂಡು ಹೋಗುತ್ತಾರೆ. ನಾವು ಅವರ ಮನೆಗೆ ಹೋಗುವಾಗ ಒಂದು ಕಳೆದುಕೊಂಡು ಹೋಗುತ್ತೇವೆ. ಬಾಗಿಲಲ್ಲಿ ಬೂಟು ಬಿಡುವಷ್ಟೇ ಸಲೀಸಾದ ಅಭ್ಯಾಸ, ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ.

ಹೋದೆ. ಹಿಲ್ಲಿ ಕಾಫಿ ಕೊಟ್ಟರು, ಡಬ್ಬಿ ತೆಗೆದು ಒಂದು ಬಿಸ್ಕತ್ತು ಕೊಟ್ಟರು, ಮುಚ್ಚಳ ಹಾಕಿದರು. ಲುಬ್ಬರ್ಟ್ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ನಾನು ಹಸುವಿಗೆ ಇಂಜೆಕ್ಷನ್ ಕೊಡಲು ಬಂದವನೋ ಎಂಬಂತೆ ನೋಡುತ್ತಿದ್ದರು. ಎಪ್ಪತ್ತೊಂಬತ್ತು ವರ್ಷದ ಮನುಷ್ಯ, ಇನ್ನೂ ಹನ್ನೊಂದು ಹಸುಗಳನ್ನು ತಾವೇ ಕರೆಯುತ್ತಾರೆ. ನಾನು ಎಲ್ಲರಿಗೂ ಮಾಡುವುದನ್ನೇ ಮಾಡಿದೆ. ಎಂಟನೆಯ ಪಾಸ್‌ವರ್ಡ್ ಹಾಕಿದೆ. ಹಳೆಯ ಲಾಗಿನ್ ಗುರುತುಗಳನ್ನೆಲ್ಲ ಅಳಿಸಿದೆ. ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದೆ. ವೈರಸ್ ಕಾವಲನ್ನು ನಿಲ್ಲಿಸಿದೆ. ಎರಡು ನಿಮಿಷಕ್ಕೆ ಪರದೆ ಬೂದಿಯಾಯಿತು.

ಕಂಪನಿಗೆ ಬರೆದೆ. ಎರಡು ದಿನಕ್ಕೆ ಉತ್ತರ ಬಂತು. ನಾನು ಮಾಡಿ ಮುಗಿಸಿದ್ದನ್ನೇ ಏಳು ಹೆಜ್ಜೆಯಾಗಿ ಪಟ್ಟಿ ಮಾಡಿ, ಕೊನೆಗೆ ಈ ಉತ್ತರದಿಂದ ನಿಮಗೆ ಸಹಾಯವಾಯಿತೇ ಎಂದು ಕೇಳಿದ್ದರು. ಇಲ್ಲ ಎಂದು ಒತ್ತಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದಿತು.

ಎರಡನೆಯ ವಾರ ಕಂಪ್ಯೂಟರನ್ನೇ ಕಾರಿನಲ್ಲಿ ಹಾಕಿಕೊಂಡು ನನ್ನ ಮನೆಗೆ ತಂದೆ. ಚಿತ್ರಗಳೆಲ್ಲ ಬೇರೆ ಡಿಸ್ಕಿನಲ್ಲಿದ್ದವು, ಹಾಗಾಗಿ ಯಂತ್ರವನ್ನು ಪೂರ್ತಿ ಅಳಿಸಿ ಮೊದಲಿಂದ ಹಾಕಿದೆ. ಎರಡು ದಿನ ಹಿಡಿಯಿತು. ನನ್ನ ಮನೆಯಲ್ಲಿ ತಂತ್ರಾಂಶ ಒಂದು ಸಲವೂ ಮುನಿಯಲಿಲ್ಲ. ಗಂಟೆಗಟ್ಟಲೆ ತೆರೆದಿಟ್ಟು ನೋಡಿದೆ. ಗೆದ್ದೆ ಎಂದುಕೊಂಡು ಶುಕ್ರವಾರ ಹಿಂದಿರುಗಿಸಿದೆ. ಶನಿವಾರ ಬೆಳಿಗ್ಗೆ ಹಿಲ್ಲಿಯ ಫೋನ್: ಮತ್ತೆ ಶುರು.

ಹಾಗಾದರೆ ಅವರ ಮನೆಯ ಇಂಟರ್ನೆಟ್ಟೇ ಸರಿಯಿಲ್ಲ ಎಂದುಕೊಂಡೆ. ಮೂರನೆಯ ವಾರ ನನ್ನ ಫೋನಿನ ಇಂಟರ್ನೆಟ್ಟಿಗೆ ಜೋಡಿಸಿ ನೋಡಿದೆ. ಎರಡು ನಿಮಿಷ, ಬೂದಿ. ಆ ದಿನ ಮನೆಗೆ ಹೋಗಲು ಕಾರು ಹತ್ತಿ ಸುಮ್ಮನೆ ಕೂತುಬಿಟ್ಟೆ. ಸೋತದ್ದಕ್ಕಿಂತ ಹೆಚ್ಚಾಗಿ, ಹಿಲ್ಲಿ ಪ್ರತಿ ಸಲವೂ ‘ಥ್ಯಾಂಕ್ಸ್ ಬೆರೆಂಡ್’ ಎಂದು ಬಾಗಿಲವರೆಗೆ ಬರುವುದು ನನ್ನನ್ನು ತಿನ್ನುತ್ತಿತ್ತು. ಬೈದಿದ್ದರೆ ಒಳ್ಳೆಯದಿತ್ತು. ಕಾರಿನ ಗಡಿಯಾರ ಒಂದು ಗಂಟೆ ಹಿಂದೆ ಇತ್ತು. ಅದನ್ನು ತಿರುಗಿಸಲು ಯಾವ ಗುಂಡಿ ಒತ್ತಬೇಕೆಂದು ನನಗೆ ಪ್ರತಿ ವರ್ಷ ಮರೆತುಹೋಗುತ್ತದೆ, ಅಕ್ಟೋಬರಿನಲ್ಲಿ ತಾನಾಗಿ ಸರಿಯಾಗುತ್ತದಲ್ಲ ಎಂದು ಬಿಟ್ಟಿರುತ್ತೇನೆ. ಊರಿನವರ ಯಂತ್ರ ಸರಿಮಾಡುವವನ ಕಾರಿನ ಸ್ಥಿತಿ ಇದು. ನೋಡಿದೆ, ಏನೂ ಹೊಳೆಯಲಿಲ್ಲ, ಮನೆಗೆ ಹೋದೆ.

ಶುಕ್ರವಾರ ಫೆನ್ನಾ ಅವರ ಮಗಳು ವಿಲ್ಮಾ ಫೋನ್ ಮಾಡಿ, ಅಮ್ಮ ಈಗ ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತಾಳೆ, ಕಳಿಸುವುದಾದರೆ ಬೇಗ ಕಳಿಸಿ ಎಂದಳಂತೆ. ಉಳಿದದ್ದು ಶನಿವಾರ ಒಂದೇ. ಭಾನುವಾರ ಆ ಮನೆಯಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸುತ್ತಾರೆ. ದೇವರ ದಿನ ಹಾಲು ಕರೆಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಅದರಲ್ಲಿ ಹಿಲ್ಲಿಯೂ ಅಣ್ಣನಿಗಿಂತ ಕಮ್ಮಿಯಲ್ಲ.

ಶನಿವಾರ ಮಧ್ಯಾಹ್ನ ಹೋದೆ. ನನ್ನ ಹತ್ತಿರ ಹೊಸ ಉಪಾಯ ಏನೂ ಇರಲಿಲ್ಲ. ಲಾಗಿನ್ ಆದೆ, ಹೊರಗೆ ಹಾಕಿತು. ಮತ್ತೆ ಆದೆ, ಮತ್ತೆ ಹಾಕಿತು. ಹಿಲ್ಲಿ ಪಕ್ಕದಲ್ಲಿ ಕೂತು, ಪರದೆ ಬೂದಿಯಾದಾಗಲೆಲ್ಲ ಎಪ್ರನ್ನಿನ ಅಂಚನ್ನು ಮಡಿಸಿ ಬಿಚ್ಚುತ್ತಿದ್ದರು. ಗೋಡೆಯ ಗಡಿಯಾರ ಎರಡು ಹೊಡೆಯಿತು. ಮೂರಾಯಿತು, ಎಂದುಕೊಂಡೆ, ಆ ಮನೆಯಲ್ಲಿ ಎಲ್ಲರೂ ಅಂದುಕೊಳ್ಳುವ ಹಾಗೆ. ಆಮೇಲೆ ಕಣ್ಣು ತಾನಾಗಿ ಪರದೆಯ ಕೆಳಗಿನ ಮೂಲೆಗೆ ಹೋಯಿತು.

ಅಲ್ಲೂ ಎರಡು ಎಂದಿತ್ತು.

ಮೂರು ವಾರದಿಂದ ಅದು ಅಲ್ಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನಾನು ಕಂಪನಿಯನ್ನು ಬೈದೆ, ಇಂಟರ್ನೆಟ್ಟನ್ನು ಬೈದೆ, ಯಂತ್ರದ ಹೊಟ್ಟೆ ಬಗೆದೆ. ಬೇರೆ ಊರಿನವನೊಬ್ಬ ಬಂದು ನೋಡಿದ್ದರೆ ಮೊದಲ ನಿಮಿಷಕ್ಕೇ ‘ನಿಮ್ಮ ಗಡಿಯಾರ ತಪ್ಪು’ ಎನ್ನುತ್ತಿದ್ದ. ನಮ್ಮೂರಿನವನಿಗೆ ಆ ಅಡುಗೆಮನೆಯಲ್ಲಿ ಎರಡು ಎಂದು ಕಂಡರೆ ಅದು ತಪ್ಪೆಂದು ಕಾಣುವುದೇ ಇಲ್ಲ.

ಈ ಗಂಟೆ ಯಾರು ಬದಲಿಸಿದ್ದು ಎಂದು ಹಿಲ್ಲಿಯನ್ನು ಕೇಳಿದೆ. ಅವರು ಅಣ್ಣನ ಕಡೆ ನೋಡಿದರು. ಕಳೆದ ಚಳಿಗಾಲದಲ್ಲಿ ಹಾಲು ಕರೆಯುವ ಮಷಿನ್ ರಿಪೇರಿಗೆ ಬಂದವನೊಬ್ಬ ಹೇಳಿಕೊಟ್ಟಿದ್ದನಂತೆ. ಕಂಪ್ಯೂಟರಿನಲ್ಲಿ ಲುಬ್ಬರ್ಟ್‌ಗೆ ಬರುವ ವಿದ್ಯೆ ಅದೊಂದೇ. ಮಾರ್ಚಿನಲ್ಲಿ ಒಂದು ಸಲ ತಿರುಗಿಸಿದ್ದರು. ನಾನು ಎಲ್ಲ ಅಳಿಸಿ ಹೊಸದಾಗಿ ಹಾಕಿದಾಗ ಗಂಟೆಯೂ ತಾನಾಗಿ ಊರಿನ ಲೆಕ್ಕಕ್ಕೆ ಬಂದಿತ್ತು. ಮನೆಗೆ ತಂದಿಟ್ಟ ಸಂಜೆಯೇ ಮತ್ತೆ ತಿರುಗಿಸಿದ್ದರು.

“ಅದು ಸುಳ್ಳು ಹೇಳ್ತಾ ಇತ್ತು,” ಎಂದರು ಲುಬ್ಬರ್ಟ್.

ಅವರಿಗೆ ಅರ್ಥವಾಗುವ ಹಾಗೆ ಹೇಳಲು ನೋಡಿದೆ. ಹಾಲಿನ ಲಾರಿಯವನು ಚೀಟಿ ಕೊಡುತ್ತಾನಲ್ಲ, ಲಾಗಿನ್ ಆದಾಗ ಕಂಪನಿಯೂ ಹಾಗೇ ಒಂದು ಚೀಟಿ ಕೊಡುತ್ತದೆ. ಅದರ ಮೇಲೆ ಮೂರು ಗಂಟೆ ಎಂದು ಬರೆದಿರುತ್ತದೆ. ಈ ಯಂತ್ರದ ಗಡಿಯಾರದಲ್ಲಿ ಇನ್ನೂ ಎರಡು. ಇನ್ನೂ ಬರದ ಗಂಟೆಯ ಚೀಟಿ ಹೇಗೆ ಬಂತು, ಇದು ನಕಲಿ ಎಂದು ಯಂತ್ರ ಅದನ್ನು ಬಿಸಾಡಿ ಹಿಲ್ಲಿಯನ್ನು ಹೊರಗೆ ಕಳಿಸುತ್ತದೆ.

“ಲಾರಿಯವನ ಚೀಟಿ ನಾನು ಬಿಸಾಡಲ್ಲ,” ಎಂದರು. “ಒಂದು ಕಳೆದು ಓದ್ತೀನಿ.”

“ಯಂತ್ರಕ್ಕೆ ಕಳೆಯೋಕೆ ಬರಲ್ಲ, ಲುಬ್ಬರ್ಟ್.”

“ಹಾಗಾದ್ರೆ ಅದಕ್ಕೆ ನನಗಿಂತ ಬುದ್ಧಿ ಕಮ್ಮಿ. ಕಮ್ಮಿ ಬುದ್ಧಿಯೋರ ಮಾತು ನಾನ್ಯಾಕೆ ಕೇಳ್ಲಿ?”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಮೂರು ವಾರದ ಆಯಾಸ, ಸೊಂಟನೋವು, ನನ್ನ ಪೆದ್ದುತನದ ಮೇಲಿನ ಸಿಟ್ಟು, ಎಲ್ಲ ಸೇರಿ ಅವರ ಮೇಲೆ ಬಿತ್ತು. “ನಿಮ್ಮ ತಂಗಿ ಸಾಯ್ತಾ ಇದ್ದಾರೆ,” ಎಂದೆ. “ಸಾಯೋಕೆ ಮುಂಚೆ ಒಂದ್ಸಲ ಮನೆ ನೋಡಬೇಕು ಅಂದಿದ್ದಾರೆ. ಮೂರು ವಾರದಿಂದ ಅದಕ್ಕೆ ಅಡ್ಡ ಕೂತಿರೋದು ನಿಮ್ಮ ಹಠ, ಬೇರೆ ಏನೂ ಅಲ್ಲ.”

ಹಿಲ್ಲಿ ಎದ್ದು ಹೋಗಿ ಒರೆಸಿಟ್ಟ ತಟ್ಟೆಗಳನ್ನೇ ಮತ್ತೆ ಒರೆಸತೊಡಗಿದರು. ಆ ಮನೆಯಲ್ಲಿ ಯಾರೂ ದನಿ ಎತ್ತುವವರಲ್ಲ. ನನಗೆ ಆಗಲೇ ನಾಚಿಕೆಯಾಯಿತು, ಆದರೆ ಆಡಿದ ಮಾತು ಆಡಿಯಾಗಿತ್ತು. ಲುಬ್ಬರ್ಟ್ ಎದ್ದು ನಿಂತರು. ಆಮೇಲೆ ಕುರ್ಚಿಯನ್ನು ಎತ್ತಿ, ನಮಗೆ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು.

“ಬದಲಿಸು,” ಎಂದರು. “ನಾನು ಆ ಕಡೆ ನೋಡಲ್ಲ.”

ಗೆದ್ದವನಿಗೆ ಆಗಬೇಕಾದ ಖುಷಿ ನನಗಾಗಲಿಲ್ಲ. ಆ ಬೆನ್ನು ನೋಡಲಾಗಲಿಲ್ಲ. ಊರೆಲ್ಲ ಬಿಟ್ಟುಕೊಟ್ಟದ್ದನ್ನು ಒಬ್ಬನೇ ಇಷ್ಟು ವರ್ಷ ಹಿಡಿದುಕೊಂಡು ಬಂದಿದ್ದ ಮುದುಕ, ಕಂಪ್ಯೂಟರಿನ ಮೂಲೆಯ ನಾಲ್ಕು ಅಂಕಿಗಾಗಿ ನನ್ನ ಕೈಲಿ ಬೈಸಿಕೊಂಡು ಸೋತು ಕೂತಿದ್ದರು. ಗಂಟೆ ಬದಲಿಸುವ ಪುಟ ತೆರೆದೆ. ಒಂದು ಒತ್ತಿದರೆ ಮುಗಿಯುತ್ತಿತ್ತು. ಒತ್ತಲು ಕೈ ಬರಲಿಲ್ಲ. ಅದರ ಕೆಳಗೆ ಲೋಕದ ಊರುಗಳ ಉದ್ದ ಪಟ್ಟಿ ಇತ್ತು, ಯಾವ ದೇಶದ ಹೊತ್ತು ಬೇಕೋ ಆರಿಸಿಕೊಳ್ಳಲಿ ಎಂದು. ಸುಮ್ಮನೆ ಕೆಳಗೆ ಇಳಿಸುತ್ತ ಹೋದೆ, ತಪ್ಪು ಮಾಡಿದವನು ನೆಲ ನೋಡುವ ಹಾಗೆ.

ನಡುವೆ ಒಂದು ಸಾಲು ಕಂಡಿತು: ಪಶ್ಚಿಮ ಮಧ್ಯ ಆಫ್ರಿಕಾ. ನಮ್ಮ ಚಳಿಗಾಲದ ಹೊತ್ತೇ ಅಲ್ಲಿಯ ಹೊತ್ತು. ಫೋನಿನಲ್ಲಿ ಹುಡುಕಿ ನೋಡಿದೆ. ಅಲ್ಲಿ ಬೇಸಿಗೆ ಬಂತೆಂದು ಯಾರೂ ಗಡಿಯಾರ ಮುಟ್ಟುವುದಿಲ್ಲ, ವರ್ಷಪೂರ್ತಿ ಅದೇ. ಆ ಸಾಲನ್ನು ಆರಿಸಿದೆ, ಲುಬ್ಬರ್ಟ್ ತಿರುಗಿಸಿಟ್ಟದ್ದನ್ನು ತೆಗೆದು ಗಂಟೆಯನ್ನು ಯಂತ್ರವೇ ಸರಿಮಾಡಿಕೊಳ್ಳಲಿ ಎಂದು ಬಿಟ್ಟೆ. ಮೂಲೆಯಲ್ಲಿ ಎರಡೂ ಇಪ್ಪತ್ತು. ಗೋಡೆಯಲ್ಲಿ ಎರಡೂ ಇಪ್ಪತ್ತು. ಯಂತ್ರದ ಲೆಕ್ಕದಲ್ಲಿ ಈಗ ನಾವು ಆಫ್ರಿಕಾದಲ್ಲಿದ್ದೆವು, ಆದರೆ ಲೋಕದ ಹೊತ್ತಿಗೆ ಸರಿಯಾಗಿದ್ದೆವು. ಆಫ್ರಿಕಾದಲ್ಲಿ ಎರಡಾದರೆ ನಮ್ಮಲ್ಲಿ ಮೂರು ಎಂಬುದು ಯಂತ್ರಕ್ಕೆ ಗೊತ್ತು, ಹಾಗಾಗಿ ಮೂರರ ಚೀಟಿ ಇನ್ನು ಅದಕ್ಕೆ ನಕಲಿಯಲ್ಲ.

ಲಾಗಿನ್ ಆದೆ. ಹಿಲ್ಲಿ ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಬಂದು ನಿಂತರು. ಎರಡು ನಿಮಿಷ ಕಳೆಯಿತು. ಐದಾಯಿತು. ಪರದೆಯ ಮೇಲೆ ಹಸುವೊಂದು ಕಾಲೆತ್ತಿ ಹಾರುವ ಭಂಗಿಯಲ್ಲಿ ನಿಂತೇ ಇತ್ತು. ಹತ್ತು ನಿಮಿಷವಾದ ಮೇಲೆ ನಾನು ಲುಬ್ಬರ್ಟ್‌ಗೆ ಈ ಕಡೆ ತಿರುಗಿ ಎಂದೆ.

ಅವರು ಮೊದಲು ಗೋಡೆ ನೋಡಿದರು, ಆಮೇಲೆ ಪರದೆಯ ಮೂಲೆ. “ಬದಲಿಸಲಿಲ್ವಾ?”

“ಊರು ಬದಲಿಸಿದೆ. ಗಂಟೆ ನಿಮ್ಮದೇ ಇದೆ.”

“ಯಾವೂರು?”

“ಆಫ್ರಿಕಾದಲ್ಲಿ. ಅಲ್ಲಿ ವರ್ಷವಿಡೀ ನಿಮ್ಮ ಹೊತ್ತೇ ನಡೆಯುತ್ತೆ. ಕೋಟಿಗಟ್ಟಲೆ ಜನ.”

“ಅಲ್ಲಿ ಹಸು ಸಾಕ್ತಾರಾ?”

“ಸಾಕ್ತಾರೆ.”

“ಅದಕ್ಕೇ,” ಎಂದು ಲುಬ್ಬರ್ಟ್ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಎಳೆದುಕೊಂಡರು. ನಾನು ಆಡಿದ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, ಹಾಲು ಕರೆಯುವ ನಾಲ್ಕಾಗುತ್ತಾ ಬಂತು, ಬೂಟು ಹುಡುಕಬೇಕು ಎಂದರು. ಅವರ ಗಡಿಯಾರದಲ್ಲೇ ಆಗಿನ್ನೂ ಮೂರೂ ಆಗಿರಲಿಲ್ಲ.

ಹಿಲ್ಲಿ ಕಂಪ್ಯೂಟರಿನ ಮುಂದಿಂದ ಎದ್ದದ್ದು ಚಿತ್ರ ಕಳಿಸಿದ ಮೇಲೆಯೇ. ನಲವತ್ತು ನಿಮಿಷದ ಚಿತ್ರ. ಗೋಡೆಯ ಗಡಿಯಾರ ಆರು ಹೊಡೆಯುವ ಹೊತ್ತಿಗೆ ಸಿಕ್ಕಿತು ಎಂದು ವಿಲ್ಮಾಳಿಂದ ಒಂದು ಸಾಲು ಬಂತು. ಹಿಲ್ಲಿ ಯಂತ್ರ ಆರಿಸಿ, ಬಟ್ಟೆ ಹೊದಿಸಿ, ಅಂಚನ್ನು ನೇರ ಮಾಡಿದರು. ನನಗೆ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

ಮಂಗಳವಾರ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಹಿಲ್ಲಿ ನಿಂತಿದ್ದರು. ಕಪ್ಪು ಕೋಟು ಹಾಕಿದ್ದರು. ಏನೆಂದು ಕೇಳಬೇಕಾಗಿರಲಿಲ್ಲ. ವಿಲ್ಮಾಳ ಪತ್ರವನ್ನು ಕಾಗದದ ಮೇಲೆ ತೆಗೆದುಕೊಡಬೇಕಿತ್ತು, ಲುಬ್ಬರ್ಟ್ ಪರದೆಯ ಮೇಲೆ ಓದುವುದಿಲ್ಲ. ನಾನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದೆ. ನೀನೂ ಬಾ, ಎಂದರು. ಮೇಜಿನ ಮೇಲೆ ‘ಇವತ್ತು ಇಲ್ಲ’ ಎಂದು ಚೀಟಿ ಅಂಟಿಸಿ ಹೋದೆ.

ಲುಬ್ಬರ್ಟ್ ಕಾಗದವನ್ನು ಮೇಜಿನ ಮೇಲೆ ಹರಡಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಅಮ್ಮ ಎಚ್ಚರವಿದ್ದಳು, ಚಿತ್ರ ನೋಡಿದಳು ಎಂದು ವಿಲ್ಮಾ ಬರೆದಿದ್ದಳು. ಹಸು ಕುಣಿಯುವಾಗ ನಕ್ಕಳಂತೆ. ಅಡುಗೆಮನೆ ಬಂದು ಗೋಡೆಯ ಗಡಿಯಾರ ಕಂಡಾಗ ನಿಲ್ಲಿಸು ಎಂದಳಂತೆ. ಮನೆಯಲ್ಲಿ ಈಗ ಗಂಟೆ ಎಷ್ಟು ಎಂದು ಕೇಳಿದಳಂತೆ. ವಿಲ್ಮಾ ಕೆನಡಾದ ಹೊತ್ತಿಗೆ ಆರು ಗಂಟೆ ಕೂಡಿಸಿ ಹೇಳಿದ್ದಕ್ಕೆ ಅಮ್ಮ ತಲೆ ಅಲ್ಲಾಡಿಸಿದಳಂತೆ. ‘ಆರಲ್ಲ ಕಣೇ, ಐದು ಕೂಡಿಸು. ಲುಬ್ಬರ್ಟ್ ಮುಟ್ಟಿಲ್ಲ ನೋಡು. ಅಲ್ಲಿ ಇನ್ನೂ ಒಂದು ಗಂಟೆ ಬಾಕಿ ಇದೆ.’ ಆಮೇಲೆ ನಿದ್ದೆ ಹೋದಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಎಚ್ಚರಗೊಳ್ಳದೆಯೇ, ತೀರಿಕೊಂಡಳು. ಕೊನೆಯಲ್ಲಿ ವಿಲ್ಮಾ ಬೇರೆಯೇ ಒಂದು ಸಾಲು ಬರೆದಿದ್ದಳು: ಮಾವನ ಗಡಿಯಾರದಲ್ಲಿ ಆಗ ನಾಲ್ಕು.

ಲುಬ್ಬರ್ಟ್ ಆ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಕೂತರು. ಹಿಲ್ಲಿ ಕಾಫಿ ಬಗ್ಗಿಸಿದರು. ಬಿಸ್ಕತ್ತಿನ ಡಬ್ಬಿ ತೆಗೆದವರು ಮುಚ್ಚಳ ಹಾಕುವುದನ್ನು ಮರೆತರು.

“ನಾಲ್ಕಕ್ಕೆ ಹಾಲು ಕರೀತಿದ್ದೆ,” ಎಂದರು ಲುಬ್ಬರ್ಟ್. ಕಾಗದವನ್ನು ಮಡಿಸುತ್ತ, “ಅವಳಿಗೆ ಗೊತ್ತಿರುತ್ತೆ, ನಾಲ್ಕಕ್ಕೆ ನಾನು ಎಲ್ಲಿರ್ತೀನಿ ಅಂತ.”

ನಾನು ಕಾಫಿ ಮುಗಿಸಿ ಎದ್ದೆ. ಕಾರಿನ ಗಡಿಯಾರ ಹತ್ತೂವರೆ ಎಂದಿತು, ಅಂದರೆ ಊರಿನಲ್ಲಿ ಹನ್ನೊಂದೂವರೆ. ಕಾರಿನ ಪೆಟ್ಟಿಗೆಯಿಂದ ಕೈಪಿಡಿ ತೆಗೆದು, ಗಂಟೆ ತಿರುಗಿಸುವ ಗುಂಡಿ ಯಾವುದೆಂದು ಈ ಸಲವಾದರೂ ನೋಡೋಣ ಎಂದು ಪುಟ ಹುಡುಕಿದೆ. ಪುಟ ಸಿಕ್ಕಿತು. ಕೈಪಿಡಿ ಮುಚ್ಚಿ ಒಳಗಿಟ್ಟು, ಗಡಿಯಾರ ಇದ್ದ ಹಾಗೇ ಬಿಟ್ಟು ಮನೆಗೆ ಹೋದೆ.